ಮೂಗಿನ ಮೇಷ್ಟ್ರು ಹೇಳಿದ ಸುಳ್ಳು

ಅವತ್ತು ಕಾಫಿ ಬೀಜವನ್ನು ಅವಳು ಬೇಕಂತಲೇ ಸುಟ್ಟಳು. ಇದ್ದಿಲಿನಷ್ಟು ಕಪ್ಪಾಗುವವರೆಗೂ ಹುರಿದು, ಪುಡಿ ಮಾಡಿ, ಕಾಫಿ ಕಾಯಿಸಿ ಅವನ ಮುಂದಿಟ್ಟಳು. ಆಮೇಲೆ ಕೈ ಒರೆಸಿಕೊಳ್ಳುವ ನೆಪದಲ್ಲಿ ಅಲ್ಲೇ ನಿಂತಳು.

ಚರ್ಚಿನ ಹಿಂದಿನ ಆ ಉದ್ದ ಕೋಣೆಯಲ್ಲಿ ಹುರಿಯುವ ಕೆಲಸ ಅವಳದು, ರುಚಿ ನೋಡಿ ಒಪ್ಪುವ ಕೆಲಸ ಅವನದು. ಅವನು ಒಪ್ಪಿದ ಪುಡಿಯನ್ನು ಭಾನುವಾರ ಪ್ರಾರ್ಥನೆ ಮುಗಿಸಿ ಬಂದವರು ಕೊಳ್ಳುತ್ತಿದ್ದರು. ಬಂದ ದುಡ್ಡೆಲ್ಲ ಆ ಬೀಜ ಬೆಳೆದ ಗುಡ್ಡದ ಊರಿಗೇ ಹೋಗುತ್ತಿತ್ತು, ಅಲ್ಲಿನ ಬಡ ರೈತರ ಶಾಲೆಗೆ, ಒಂದು ಪುಟ್ಟ ಆಸ್ಪತ್ರೆಗೆ. ಅವನ ಮೂಗಿನ ಚುರುಕು ಕಂಡು ಎಲ್ಲರೂ ಅವನನ್ನು ಮೂಗಿನ ಮೇಷ್ಟ್ರು ಎಂದೇ ಕರೆಯುತ್ತಿದ್ದರು.

"ನಿನ್ನೆ ಅಣ್ಣನ ಜೊತೆ ಜಗಳ ಆಡ್ಕೊಂಡು ಹುರಿದ್ರಾ? ಒಂಚೂರು ಅವಸರ ಕಾಣ್ತಿದೆ," ಎನ್ನುತ್ತಿದ್ದ ಮೊದಲೆಲ್ಲ, ಕಪ್ಪಿನ ಅಂಚಿನ ಮೇಲಿಂದ ಕಣ್ಣೆತ್ತಿ.

"ನಿಮ್ಮನ್ನ ಇಲ್ಲಿ ಕೂರ್ಸಿರೋದು ಕಾಫಿ ರುಚಿ ನೋಡೋಕೆ, ನಮ್ಮನೆ ಸುದ್ದಿ ತಿಳ್ಕೊಳ್ಳೋಕಲ್ಲ."

"ಎರಡೂ ಒಂದೇ ಕಪ್ಪಲ್ಲಿ ಬಂದ್ರೆ ನಾನೇನ್ ಮಾಡ್ಲಿ?"

ಆ ನೋಟಕ್ಕಾಗಿ ಅವಳು ಬೆಳಗಾಗುವುದನ್ನೇ ಕಾಯುತ್ತಿದ್ದಳು. ಆದರೆ ಮೂರು ತಿಂಗಳಿಂದ ಅವನ ಬಾಯಲ್ಲಿ ಒಂದೇ ಮಾತು, ಚೆನ್ನಾಗಿದೆ. ಅವಳಿಗೆ ಒಳಗೊಳಗೇ ಸಂಕಟ. ಅತ್ತ ಗುಡ್ಡದ ಊರಿನ ಹೆಂಗಸರು, ಹುರಿಯುವುದನ್ನು ತಮಗೂ ಕಲಿಸಲು ಒಬ್ಬರನ್ನು ಐದು ವರ್ಷದ ಮಟ್ಟಿಗೆ ಕಳಿಸಿಕೊಡಿ ಎಂದು ಪಾದ್ರಿಯಾದ ಅವಳ ಅಣ್ಣನಿಗೆ ಬರೆದಿದ್ದರು. ನೀನು ಹೋಗ್ತೀಯಾ ಎಂದು ಅಣ್ಣ ಕೇಳಿ ತಿಂಗಳಾಗಿತ್ತು. ಅವಳು ಇವನ ಒಂದು ಮಾತಿಗಾಗಿ ಉತ್ತರವನ್ನು ತಡೆದಿಟ್ಟುಕೊಂಡಿದ್ದಳು.

ಅವನು ಒಂದು ಗುಟುಕು ಕುಡಿದ. ಅವಳ ಮುಖ ನೋಡಿ ಮೆಲ್ಲಗೆ ನಕ್ಕ.

"ಚೆನ್ನಾಗಿದೆ. ತುಂಬಾನೇ ಚೆನ್ನಾಗಿದೆ."

ಸುಟ್ಟಿದ್ದನ್ನೂ ಹೊಗಳುವಷ್ಟು ಉದಾಸೀನ ಎಂದುಕೊಂಡಳು. ಅಂದೇ ಅಣ್ಣನಿಗೆ ಹೂಂ ಎಂದಳು. ಅಣ್ಣ ಅದನ್ನು ಭಾನುವಾರ ಸಭೆಯ ಮುಂದೆ ಸಾರಿಯೂ ಬಿಟ್ಟ. ಗುಡ್ಡದ ಊರಿನಲ್ಲಿ ಅವಳಿಗಾಗಿ ಒಲೆ ಕಟ್ಟಿದರಂತೆ.

ಹೊರಡುವ ದಿನ ತನ್ನ ಹುರಿಯುವ ಸೌಟು ತರಲು ಆ ಕೋಣೆಗೆ ಹೋದಾಗ ಬಾಗಿಲಲ್ಲೇ ಹಾಲು ಸೀದ ವಾಸನೆ ಮೂಗಿಗೆ ಅಡರಿತು. ಒಲೆಗೆ ಬೆನ್ನು ಹಾಕಿ ಕುಳಿತ ಅವನು ತನ್ನ ಪಾಡಿಗೆ ತಾನು ಪೊಟ್ಟಣಗಳಿಗೆ ಚೀಟಿ ಅಂಟಿಸುತ್ತಿದ್ದ. ಅವಳು ಓಡಿಹೋಗಿ ಒಲೆ ಆರಿಸಿದಾಗಲೇ ಅವನು ತಿರುಗಿ ನೋಡಿದ್ದು. ಆ ವಾಸನೆ ಅವನಿಗೆ ತಿಳಿದೇ ಇರಲಿಲ್ಲವೆಂದು ಅವಳಿಗೆ ಹೊಳೆಯಿತು.

"ಯಾವಾಗಿಂದ?"

ಅವನು ಸುಳ್ಳು ಹೇಳಲು ನೋಡಿದ, ಆಗಲಿಲ್ಲ. "ಮೂರು ತಿಂಗಳ ಹಿಂದೆ ನನಗೆ ಜ್ವರ ಬಂತಲ್ಲ, ಆವಾಗಿಂದ. ಮೂಗೂ ಹೋಯ್ತು, ನಾಲಿಗೇನೂ ಹೋಯ್ತು."

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಈ ಕುರ್ಚಿ ಹೋಗ್ತಿತ್ತು. ಆಮೇಲೆ ದಿನಾ ಬೆಳಗ್ಗೆ ನಿಮ್ಮೆದುರು ಕೂರೋಕೆ ನನಗೇನಿತ್ತು ನೆಪ?"

"ಅವತ್ತು ನಾನು ಬೇಕಂತಲೇ ಸುಟ್ಟು ಕೊಟ್ಟಿದ್ದೆ, ಮೇಷ್ಟ್ರೇ. ನೀವು ಬೈತೀರ ಅಂತ."

ಅವನು ಕೈಯಲ್ಲಿದ್ದ ಚೀಟಿಯನ್ನು ಕೆಳಗಿಟ್ಟ. "ನಾನು ನಿಮ್ಮ ಮುಖ ನೋಡಿ ಹೇಳ್ತಿದ್ದೆ. ಅವತ್ತು ತುಂಬಾ ಬಾಡಿತ್ತು. ಸಮಾಧಾನ ಆಗ್ಲಿ ಅಂತ ಎರಡು ಸಲ ಹೇಳ್ದೆ."

ಅವಳಿಗೆ ಅಳು ತಡೆಯಲಾಗಲಿಲ್ಲ. "ನೀವೂ ಬನ್ನಿ," ಎಂದಳು.

"ಅಮ್ಮ ಹಾಸಿಗೆ ಹಿಡಿದಿದ್ದಾಳೆ. ಹೇಗೆ ಬರ್ಲಿ? ನೀವು ಹೋಗಿ. ಪಾಪ, ಅವ್ರು ಒಲೆ ಕಟ್ಕೊಂಡು ಕಾಯ್ತಿದ್ದಾರೆ."

ಹೊರಗೆ ಅಣ್ಣ ಜೀಪಿನ ಹಾರ್ನ್ ಹೊಡೆದ. ಸೌಟು ಮರೆತು ಹೊರಟವಳ ಕೈಗೆ ಅವನೇ ಅದನ್ನು ತಂದುಕೊಟ್ಟ. ಬೆರಳಿಗೆ ಬೆರಳು ತಾಗಿತು. ಇಬ್ಬರೂ ಕೂಡಲೇ ಬಿಡಲಿಲ್ಲ.

"ಅಲ್ಲಿ ಮೊದಲು ಹುರಿದದ್ದನ್ನ ನಿಮಗೇ ಕಳಿಸ್ತೀನಿ," ಎಂದಳು. "ಸುಳ್ಳು ಮಾತ್ರ ಬರೀಬೇಡಿ."

ಕಳಿಸಿದಳು. ಗುಡ್ಡದ ಹೆಂಗಸರು ನಗುತ್ತಾ ಕೆಮ್ಮುತ್ತಾ ಹುರಿದ ಮೊದಲ ಪುಡಿ ಅದು. ಅವನ ಉತ್ತರ ತಿಂಗಳು ಕಳೆದು ಬಂತು. ಅದರಲ್ಲಿ ಇದ್ದದ್ದು ಇಷ್ಟೇ: "ಏನೂ ಗೊತ್ತಾಗಲಿಲ್ಲ. ಎದುರಿಗೆ ನಿಮ್ಮ ಮುಖವೂ ಇರಲಿಲ್ಲ. ಪೂರ್ತಿ ಕುಡಿದೆ."