ಎಂಬತ್ತೊಂದು ಗ್ರಾಂ

ಅಂಗಡಿಗೆ ಬಂದ ದಿನ ಅವಳು ಮೊದಲು ಕೇಳಿದ್ದು ದಾರದ ಬಣ್ಣವನ್ನಲ್ಲ, ತೂಕವನ್ನು.

ಕಿಟಕಿಯ ಪರದೆ, ಬಿಸಿಲಿನ ಮರೆ, ಕಾರಿನ ಹೊದಿಕೆ ಹೊಲಿಯುವ ಅಂಗಡಿ ಅದು. ಅಕ್ಕ ಮುಂದೆ ಕೂತು ಗಿರಾಕಿಗಳೊಡನೆ ಮಾತಾಡುವಳು, ತಮ್ಮ ಹಿಂದೆ ಕೂತು ಹೊಲಿಯುವನು. ಮಾತು ಮಗಳಿಗೆ, ಸೂಜಿ ಮಗನಿಗೆ ಎಂದು ಅಪ್ಪ ಪಾಲು ಮಾಡಿಕೊಟ್ಟ ಹಾಗಿತ್ತು. ಒಂದು ಮೀಟರ್ ದಾರ ಎಷ್ಟು ತೂಗುತ್ತದೆ ಎಂಬುದಕ್ಕೆ ಮಾತ್ರ ಇಬ್ಬರಲ್ಲೂ ಉತ್ತರವಿರಲಿಲ್ಲ. ಅವಳು ಚೀಲದಿಂದ ಅಂಗೈಯಗಲದ ತಕ್ಕಡಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟಳು. ಅಂದಿನಿಂದ ಅಕ್ಕನ ಬಾಯಲ್ಲಿ ಅವಳು ಗ್ರಾಂ ಮೇಡಂ.

ಆಮೇಲೆ ಬಟ್ಟೆ ಹೊರಬಂತು. ಬೂದು ಬೆರೆತ ಹಸಿರು. ಹಿಡಿದರೆ ನೀರಿನ ಹಾಗೆ ಬೆರಳುಗಳ ನಡುವೆ ಜಾರಿ ಹೋಗುವಂಥದ್ದು. ತಮ್ಮ ಅದನ್ನು ಬೆಳಕಿಗೆ ಹಿಡಿದು ನೋಡಿದ. ಪರದೆಗೆ ಇದು ತೀರಾ ತೆಳುವಾಯಿತು, ಒಳಗಿರುವುದೆಲ್ಲ ಹೊರಗೆ ಕಾಣುತ್ತದೆ ಎಂದ.

"ಕಾಣ್ಲಿ ಬಿಡಿ," ಎಂದಳು. "ನಾನಿರೋ ಕಡೆ ನೋಡೋಕೆ ಕರಡಿ ಬಿಟ್ರೆ ಬೇರೆ ಯಾರೂ ಇರಲ್ಲ."

ಅವಳ ಕೆಲಸ ಬೆಟ್ಟಗಳ ಮೇಲಿನ ಬಂಡೆಗಳಿಗೆ ಅಂಟಿ ಬೆಳೆಯುವ ಕಲ್ಲುಹೂವನ್ನು ಅಳೆಯುವುದು. ಹದಿನಾಲ್ಕು ತಿಂಗಳ ಪ್ರಯಾಣ. ಮೊದಲ ಐದು ತಿಂಗಳು ಜೊತೆಗೆ ತಂಡವಿರುತ್ತದೆ, ಆಮೇಲೆ ಮೇಲಿನ ಕಣಿವೆಗೆ ಅವಳೊಬ್ಬಳೇ. ಬೆನ್ನ ಮೇಲೆ ಹೊರಬೇಕಾದ ಪ್ರತಿಯೊಂದಕ್ಕೂ ಒಂದು ಪಟ್ಟಿ ಬರೆದಿದ್ದಳು. ಹಲ್ಲುಜ್ಜುವ ಬ್ರಷ್ಷಿನ ಹಿಡಿಯನ್ನೂ ಅರ್ಧಕ್ಕೆ ಕತ್ತರಿಸಿದ್ದಳು. ಟೆಂಟ್ ಭಾರವಾಗುತ್ತದೆಂದು ಎರಡು ಕೋಲುಗಳ ನಡುವೆ ಹಗ್ಗ ಕಟ್ಟಿ ಇಳಿಬಿಡುವ ಟಾರ್ಪಾಲನ್ನು ತನಗೆಂದೇ ಹೊಲಿಸಿಕೊಳ್ಳಲು ಬಂದಿದ್ದಳು. ಪಟ್ಟಿಯಲ್ಲಿ ಬರೆದಿತ್ತು: ಟಾರ್ಪಾಲು, ಒಬ್ಬರಿಗೆ, 243 ಗ್ರಾಂ.

ಈ ಬಟ್ಟೆಗೆ ಕ್ಷಮೆ ಗೊತ್ತಿಲ್ಲ ಎಂಬುದು ಅವನಿಗೆ ಮುಟ್ಟಿದ ಕೂಡಲೇ ತಿಳಿಯಿತು. ಮೈಗೆಲ್ಲ ಲೇಪವಿದೆ; ಒಮ್ಮೆ ಸೂಜಿ ಇಳಿದರೆ ಆ ತೂತು ಮುಚ್ಚುವುದಿಲ್ಲ. ಪಿನ್ನು ಚುಚ್ಚುವಂತಿಲ್ಲ. ತಪ್ಪಾದರೆ ಬಿಚ್ಚಿ ಹೊಲಿಯುವ ಮಾತೇ ಇಲ್ಲ. ಜಾರದಂತೆ ಹಿಡಿಯಲು ಕ್ಲಿಪ್ಪುಗಳಿವೆಯೇ ಎಂದು ಅವಳು ಕೇಳಿದಳು.

ಪುಟ್ಟ ಸ್ಪ್ರಿಂಗ್ ಕ್ಲಿಪ್ಪುಗಳು ಅರವತ್ತಿದ್ದವು, ಮೇಜಿನ ಸೀಮೆಸುಣ್ಣದ ಖಾನೆಯಲ್ಲಿ, ನೀಲಿ ಡಬ್ಬಿಯೊಳಗೆ. ಅವಳ ಕೊರಳಿನ ದಾರದಲ್ಲಿ ಒಂದು ಭೂತಗನ್ನಡಿ ತೂಗುತ್ತಿತ್ತು. ಉತ್ತರಕ್ಕಾಗಿ ಕಾಯುತ್ತಾ ಅವಳು ಅದನ್ನು ತಿರುಗಿಸುತ್ತಿದ್ದಳು. ಬೆಳಕಿನ ಚುಕ್ಕೆಯೊಂದು ಅವನ ಅಂಗಿಯ ಮೇಲೆ ಹತ್ತಿ ಇಳಿಯುತ್ತಿತ್ತು.

"ಇಲ್ಲ," ಎಂದ. "ಇಬ್ರು ಕೂತು ಕೈಯಲ್ಲೇ ಹಿಡೀಬೇಕು."

ಮುಂದೆ ಕೂತಿದ್ದ ಅಕ್ಕ ಕೆಮ್ಮಿದಳು.

ಹೀಗೆ ಮೂರು ಶನಿವಾರಗಳ ಮಧ್ಯಾಹ್ನ ನಿಗದಿಯಾದವು. ಮೂರನೆಯದು ಮುಗಿದ ಸೋಮವಾರ ಅವಳ ಪ್ರಯಾಣ.

ಮೊದಲ ಶನಿವಾರ ಚೂರುಗಳ ಮೇಲೆ ಪ್ರಯೋಗ ನಡೆಯಿತು. ಅವಳು ಸೂಜಿಯ ಮುಂದೆ ಎರಡು ಅಂಚನ್ನು ಸೇರಿಸಿ ಹಿಡಿದಳು, ಅವನು ಸೂಜಿಯ ಹಿಂದೆ ಮೆಲ್ಲಗೆ ಎಳೆದ. ಬಟ್ಟೆ ಬಿಗಿಯಾಗಿರಬೇಕು, ಆದರೆ ಎಳೆತಕ್ಕೆ ಸಿಗಬಾರದು. ಅವಳ ಹೆಬ್ಬೆರಳಿನ ಉಗುರಿನ ಸುತ್ತ ಹಳೆಯ ಹಸಿರು ಕಲೆಯೊಂದಿತ್ತು. ಅವನು ಹೊಲಿಗೆ ನೋಡಬೇಕಾದಲ್ಲಿ ಅದನ್ನು ನೋಡಿದ. ಹೊಲಿಗೆ ಹಾವಿನ ಹಾಗೆ ಹೊರಳಿತು.

"ಇದು ಯಾವ ನಮೂನೆ?" ಎಂದು ಅವಳು ಗಂಭೀರವಾಗಿ ಕೇಳಿದಳು.

"ಮಿಷನ್ ಹಳೇದು," ಎಂದ.

ಹೊಲಿಗೆ ಎಲ್ಲಿ ಬರಬೇಕು ಎಂಬುದರಲ್ಲಿ ಇಬ್ಬರಿಗೂ ಒಮ್ಮತವಾಗಲಿಲ್ಲ. ಬಟ್ಟೆಯ ಅಗಲ ಒಂದೂವರೆ ಮೀಟರ್. ಉದ್ದಕ್ಕೆ ಎರಡು ತುಂಡು ಜೋಡಿಸಲೇಬೇಕು. ಅವಳ ಲೆಕ್ಕದಲ್ಲಿ ಒಂದು ತುಂಡು ಪೂರ್ತಿ, ಇನ್ನೊಂದು ಅರ್ಧ. ಆಗ ಹೊಲಿಗೆ ಒಂದು ಬದಿಗೆ ಸರಿಯುತ್ತದೆ, ಮಲಗಿದವಳ ಮುಖದ ಮೇಲೆ ತೂತುಗಳ ಸಾಲಿರುವುದಿಲ್ಲ. ಅವನ ಲೆಕ್ಕ ಬೇರೆ. ಬದಿಗೆ ಸರಿದ ಹೊಲಿಗೆ ಇಳಿಜಾರಿನ ನಡುವೆ ಬೀಳುತ್ತದೆ. ಹಗ್ಗದ ಮೇಲಿನ ನೆತ್ತಿಯಿಂದ ಇಳಿಯುವ ನೀರೆಲ್ಲ ಅದನ್ನು ದಾಟಿಯೇ ಹೋಗಬೇಕು. ಎರಡೂ ತುಂಡು ಪೂರ್ತಿಯಿದ್ದರೆ ಹೊಲಿಗೆ ಸರಿಯಾಗಿ ನೆತ್ತಿಗೆ ಬರುತ್ತದೆ. ಅಲ್ಲಿ ನೀರು ನಿಲ್ಲುವುದಿಲ್ಲ. ಅಂಚಿನೊಳಗೆ ಅಂಚು ಮಡಚಿದ ನಾಲ್ಕು ಪದರ ಹಗ್ಗದ ಎಳೆತವನ್ನೂ ತಾಳುತ್ತದೆ.

ವಾದ ಅವಳಿಗೆ ಒಪ್ಪಿಗೆಯಾಯಿತು. ತೂಕ ಒಪ್ಪಿಗೆಯಾಗಲಿಲ್ಲ. "ಎಂಬತ್ತೊಂದು ಗ್ರಾಂ ಜಾಸ್ತಿ ಆಗುತ್ತೆ. ಅಷ್ಟಗಲ ಇಬ್ಬರಿಗೆ ಸಾಕು. ನಾನೊಬ್ಳೇ ಏನು ಮಾಡ್ಲಿ?"

ಅದಕ್ಕೆ ಅವನ ಬಳಿ ಹೊಲಿಗೆಯ ಉತ್ತರವಿರಲಿಲ್ಲ. ಬೇರೆ ಉತ್ತರವೊಂದಿತ್ತು; ಅವನು ಚೂರುಗಳನ್ನು ಆಯ್ದು ಬುಟ್ಟಿಗೆ ಹಾಕಿದ.

ಎರಡನೇ ಶನಿವಾರ, ಹೇಗೆ ಜೋಡಿಸಿದರೂ ಬೇಕಾಗುವ ಒಂದು ಅಂಚನ್ನು ಮಡಚಿ ಹೊಲಿದರು. ಕ್ಲಿಪ್ ಹಾಕಿದ್ದರೆ ಕಾಲು ಗಂಟೆಯ ಕೆಲಸ; ಅಂದು ಎರಡೂವರೆ ಗಂಟೆ ಹಿಡಿಯಿತು. ಕೈ ಬಿಡುವಂತಿಲ್ಲವಾದ್ದರಿಂದ ಮಾತಿಗೆ ಬಿಡುವು ಸಿಕ್ಕಿತು. ಕಲ್ಲುಹೂವು ವರ್ಷಕ್ಕೆ ಒಂದು ಮಿಲಿಮೀಟರ್ ಬೆಳೆದರೆ ಹೆಚ್ಚು, ಅದಿರುವ ಜಾಗವನ್ನು ಟೇಪು ಹಿಡಿದು ಬಂಡೆಯಿಂದ ಬಂಡೆಗೆ ಅಳೆದು ಗುರುತು ಹಾಕುತ್ತೇವೆ ಎಂದು ಅವಳು ಹೇಳಿದಳು. ಮೇಲಿನ ಕಣಿವೆಯಲ್ಲಿ ಟೇಪಿನ ಇನ್ನೊಂದು ತುದಿ ಯಾರು ಹಿಡಿಯುತ್ತಾರೆ ಎಂದು ಅವನು ಕೇಳಿದ.

"ಕಲ್ಲು ಇಡ್ತೀನಿ," ಎಂದಳು.

ಆ ಎರಡು ಶಬ್ದ ವಾರವಿಡೀ ಅವನ ಜೊತೆಗಿದ್ದವು. ಯಾರದೋ ಮನೆಯ ಪರದೆಗೆ ನೆರಿಗೆ ಹಿಡಿಯುವಾಗ ನೆನಪಾದವು, ಊಟಕ್ಕೆ ಕೂತಾಗಲೂ. ಗಾಳಿ ಬೀಸುವ ಬೋಳು ಬೆಟ್ಟ, ಅಲ್ಲೊಬ್ಬಳು ಹೆಣ್ಣು, ಟೇಪಿನ ಆಚೆ ತುದಿಯಲ್ಲಿ ಒಂದು ಕಲ್ಲು.

"ವರ್ಷಕ್ಕೊಂದು ಮಿಲಿಮೀಟರಂತೆ," ಎಂದಳು ಅಕ್ಕ, ಅವನ ತಟ್ಟೆಗೆ ಬಡಿಸುತ್ತಾ. "ನಿನಗಿಂತ ಅದೇ ವಾಸಿ ಕಣೋ. ಮುಂದಕ್ಕಾದ್ರೂ ಹೋಗುತ್ತೆ."

ಮೂರನೇ ಶನಿವಾರ ಅವಳು ತಡವಾಗಿ ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು. ಅದಕ್ಕೂ ತೂಕವೇ ಕಾರಣವೇನೋ ಎಂದುಕೊಂಡ. ಕಿವಿಯ ಹಿಂದೆ ಹೊಸದಾಗಿ ಕಂಡ ಮಚ್ಚೆಯಿಂದ ಕಣ್ಣು ಕೀಳಲು ಕಷ್ಟವಾಯಿತು. ಎರಡನೇ ತುಂಡನ್ನು ಮೇಜಿನ ಮೇಲೆ ಹರಡಿದರು. ನಡುವೆ ಗೆರೆ ಎಳೆದು ಅರ್ಧಕ್ಕೆ ಕತ್ತರಿಸಬೇಕಿತ್ತು. ಅವನು ಕತ್ತರಿ ತೆಗೆದುಕೊಂಡ. ತೆಗೆದುಕೊಂಡವನು ಹಾಗೇ ನಿಂತ.

"ಕತ್ತರಿಸಿದ ಮೇಲೆ ಮತ್ತೆ ಅಗಲ ಆಗಲ್ಲ," ಎಂದ.

"ಗೊತ್ತು."

"ನೆತ್ತಿ ಮೇಲೆ ಹೊಲಿಗೆ ಬಂದ್ರೆ ಗಟ್ಟಿ."

"ಅದು ಹೊಲಿಗೆಯ ಕಾರಣ. ಅದನ್ನ ಮೊದಲೇ ಹೇಳಿದ್ರಿ." ಅವಳು ಬಟ್ಟೆಯನ್ನಲ್ಲ, ಅವನನ್ನು ನೋಡುತ್ತಿದ್ದಳು. "ಬೇರೆ ಕಾರಣ ಇದೆಯಾ?"

ಅವನು ಕತ್ತರಿಯ ಬಾಯಿ ತೆರೆದು ಮುಚ್ಚಿದ. ಈ ಬಟ್ಟೆಯ ಹಾಗೆಯೇ ಮಾತು ಕೂಡ. ಒಮ್ಮೆ ಇಳಿದರೆ ತೂತು ಉಳಿಯುತ್ತದೆ. ಇಲ್ಲ ಎಂದುಬಿಟ್ಟರೆ ಅವಳು? ಸೋಮವಾರ ಹೊರಡುವವಳ ಬೆನ್ನ ಮೇಲೆ ತನ್ನ ಆಸೆಯನ್ನೂ ಹೇರುವುದು ಸರಿಯೇ?

ಅವಳು ಸೀಮೆಸುಣ್ಣಕ್ಕೆಂದು ಖಾನೆ ಎಳೆದಳು, ಸೀಮೆಸುಣ್ಣದ ಬದಲು ನೀಲಿ ಡಬ್ಬಿಯನ್ನು ಎತ್ತಿ ಮೇಜಿನ ಮೇಲಿಟ್ಟು ಮುಚ್ಚಳ ತೆರೆದಳು.

ಅವನ ಮುಖ ಕಿವಿಯವರೆಗೂ ಕೆಂಪಾಯಿತು.

"ಮೊದಲನೇ ದಿನವೇ ನೋಡಿದ್ದೆ," ಎಂದಳು. "ಖಾನೆ ಅರ್ಧ ತೆರೆದಿತ್ತು."

"ಮತ್ತೆ ಯಾಕೆ ಕೇಳಲಿಲ್ಲ?"

"ಸುಳ್ಳು ಹೇಳಿದವರು ನೀವು. ಕಾರಣವನ್ನೂ ನೀವೇ ಹೇಳ್ಬೇಕು."

ಅವನು ಕತ್ತರಿಯನ್ನು ಕೆಳಗಿಟ್ಟ.

"ಕ್ಲಿಪ್ ಹಾಕಿದ್ರೆ," ಎಂದು ಶುರು ಮಾಡಿ, ಮತ್ತೆ ಮೊದಲಿನಿಂದ ಎತ್ತಿಕೊಂಡ. "ಕ್ಲಿಪ್ ಹಾಕಿದ್ರೆ ಒಂದೇ ದಿನದಲ್ಲಿ ಮುಗಿದುಹೋಗ್ತಿತ್ತು. ನೀವು ತಗೊಂಡು ಹೊರಟುಬಿಡ್ತಿದ್ರಿ. ನನಗೆ ಅದು ಬೇಕಿರಲಿಲ್ಲ. ಈಗಲೂ ಬೇಡ. ಹೋಗಬೇಡಿ ಅಂತ ಹೇಳ್ತಿಲ್ಲ. ನೀವು ಹೋಗಬೇಕು. ಆದ್ರೆ ಆ ಕಲ್ಲು..." ಅಲ್ಲಿಗೆ ಮಾತಿನ ದಾರ ಮುಗಿಯಿತು.

"ಯಾವ ಕಲ್ಲು?"

"ಟೇಪಿನ ತುದಿಗೆ ಇಡೋದು. ಅದರ ಮೇಲೆ ನನಗೆ ಹೊಟ್ಟೆಕಿಚ್ಚು."

ಅವಳು ನಗಲಿಲ್ಲ. ನಗು ಬರಲು ಹೊರಟು ಕಣ್ಣಿನ ಬಳಿಯೇ ನಿಂತುಬಿಟ್ಟಿತ್ತು. ಬಟ್ಟೆಯ ಮೇಲೆ ಅಂಗೈ ಇಟ್ಟು, ಇಲ್ಲದ ಸುಕ್ಕೊಂದನ್ನು ನಿಧಾನವಾಗಿ ಅವನ ಬದಿಯವರೆಗೂ ಸವರಿದಳು.

"ಕತ್ತರಿಸಬೇಡಿ," ಎಂದಳು.

ಎರಡು ಪೂರ್ತಿ ತುಂಡುಗಳನ್ನು ಅಂದು ಜೋಡಿಸಿದರು. ಡಬ್ಬಿ ಬಾಯಿ ತೆರೆದುಕೊಂಡು ಅವರ ನಡುವೆಯೇ ಇತ್ತು. ಅರವತ್ತು ಕ್ಲಿಪ್ಪುಗಳಲ್ಲಿ ಒಂದಕ್ಕೂ ಕೆಲಸ ಸಿಗಲಿಲ್ಲ. ಅವಳು ಮುಂದೆ ಹಿಡಿದಳು, ಅವನು ಹಿಂದೆ ಎಳೆದ. ಎರಡು ಮೀಟರ್ ಎಪ್ಪತ್ತು ಸೆಂಟಿಮೀಟರ್, ಎರಡು ಸಲ. ಹೊಲಿಗೆ ಎಲ್ಲೂ ಹೊರಳಲಿಲ್ಲ. ಕೊನೆಯಲ್ಲಿ ಅವಳ ಬೆರಳುಗಳು ಸೂಜಿಯನ್ನು ಸುತ್ತಿ ಬಂದು ಅವನವಕ್ಕೆ ತಾಗಿದವು. ದಾರ ತುಂಡರಿಸಬೇಕೆಂಬುದು ಇಬ್ಬರಿಗೂ ಬಹಳ ಹೊತ್ತು ನೆನಪಾಗಲಿಲ್ಲ.

ಹೊಲಿಗೆಯ ಗುಂಟ ಅಂಟು ಸವರಿ ಒಂದು ಹಗಲು ಒಣಗಲು ಬಿಟ್ಟರು. ಭಾನುವಾರ ಸಂಜೆ ಹಿತ್ತಲಲ್ಲಿ ಎರಡು ಕೋಲು ನೆಟ್ಟು ಹಗ್ಗದ ಮೇಲೆ ಟಾರ್ಪಾಲನ್ನು ಇಳಿಬಿಟ್ಟರು. ಅವಳು ಕೆಳಗೆ ಮಲಗಿದಳು, ಅವನು ಗಿಡಕ್ಕೆ ನೀರು ಹಾಕುವ ಡಬ್ಬದಿಂದ ನೆತ್ತಿಯ ಮೇಲೆ ನೀರು ಸುರಿದ. ನೀರು ಎರಡು ಬದಿಗೂ ಸಮವಾಗಿ ಇಳಿದು ಹೋಯಿತು. ಮೂರನೇ ಡಬ್ಬ ಸುರಿದಾಗಲೂ ಒಳಗೆ ಒಂದು ಹನಿ ಬೀಳಲಿಲ್ಲ.

"ಈ ಕಡೆ ಒಣಗಿದೆ," ಎಂಬ ದನಿ ಒಳಗಿನಿಂದ ಬಂತು. "ಆ ಕಡೆ ಹೇಗಿದೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

ಅವನು ಡಬ್ಬ ಕೆಳಗಿಟ್ಟು ಬಾಗಿ ಒಳಗೆ ಹೋಗಿ ಇನ್ನೊಂದು ಬದಿಯಲ್ಲಿ ಮಲಗಿದ. ಹಸಿರು ಬೆಳಕು. ತಲೆಯ ಮೇಲೆ ಇಬ್ಬರ ನಡುವೆ ಹೊಲಿಗೆ ನೇರವಾಗಿ ಹೋಗಿತ್ತು. ಅವಳ ಪಕ್ಕದಲ್ಲಿ ತೂಕದ ಪಟ್ಟಿ ಬಿದ್ದಿತ್ತು: ಟಾರ್ಪಾಲು, ಇಬ್ಬರಿಗೆ, 324 ಗ್ರಾಂ.

"ಎಂಬತ್ತೊಂದು ಗ್ರಾಂ," ಎಂದ ಅವನು, ಮೇಲೆ ನೋಡುತ್ತಲೇ. "ಹದಿನಾಲ್ಕು ತಿಂಗಳು ಹೊರಬೇಕು."

"ಐದೇ ತಿಂಗಳು," ಎಂದಳು ಅವಳು. "ಆಮೇಲೆ ಮೇಲಿನ ಕಣಿವೆಗೆ ನೀವು ಹೊರ್ತೀರಿ. ಕಲ್ಲು ಜಾರುತ್ತೆ."