ನಂಬರ್ ಒಂದೇ, ಬರೆದವರು ಇಬ್ಬರು

ರಾಯಬಾಗದ ಜಿನ್ನಪ್ಪನ ಫ್ಲೆಕ್ಸ್ ಅಂಗಡಿಗೆ ಕಬಡ್ಡಿ ಪಂದ್ಯದ ಬ್ಯಾನರ್ ಮಾಡಿಸಲು ಹೋದಾಗಲೇ ಹಾರೂಗೇರಿಯ ಸುರಜ ಮಾಸ್ತರನಿಗೆ ತಲೆ ಕೆಟ್ಟದ್ದು.

ಕಂಪ್ಯೂಟರಿನ ಮುಂದಿದ್ದ ನೀಲಮ ಅವನ ಶಾಲೆಯ ಹೆಸರನ್ನು ದಪ್ಪ ಅಕ್ಷರಕ್ಕೆ ತಿರುಗಿಸಿ, ಓರೆಗಣ್ಣಿನಲ್ಲಿ ಅವನನ್ನು ನೋಡಿದಳು.

"ಹಿಂಗ ಎದಿ ಉಬ್ಬಿಸಿ ನಿಂತ್ರ ಅಕ್ಷರಕ್ಕ ಗತ್ತು ಬರ್ತೈತ್ರಿ ಸರ್."

ಸುರಜ ತಾನೂ ತುಸು ಎದೆಯುಬ್ಬಿಸಿ ನಿಂತ. ಅವಳು ತುಟಿ ಕಚ್ಚಿ ನಗು ತಡೆದಳು.

ಬ್ಯಾನರಿನ ಮಾತು ಮುಗಿದರೂ ಅಂಗಡಿಯ ನಂಬರಿಗೆ ಅವನ ವಾಟ್ಸ್ಆ್ಯಪ್ ಮೆಸೇಜು ಮುಗಿಯಲಿಲ್ಲ. ಆದರೆ ಉತ್ತರಗಳದೇ ಒಂದು ಒಗಟು. ಒಮ್ಮೆ ದಪ್ಪ ಅಕ್ಷರದಲ್ಲಿ, "ನಿಮ್ಮ ಹೆಸರು ಬರದ್ರ ಭಾಳ ಚೆಂದ ಕಾಣ್ತೈತಿ" ಎಂದು ಬಂದರೆ, ಬೆನ್ನಿಗೇ ತೆಳ್ಳಗೆ, "ಬ್ಯಾನರ್ ಒಯ್ರಿ, ಇಡಾಕ ಜಾಗಾ ಇಲ್ಲ." ಈಗ ನಕ್ಕವಳು ಈಗಲೇ ಮುನಿಯುವುದೇಕೆ?

ಕೊನೆಗೆ ಧೈರ್ಯ ಮಾಡಿ ಬರೆದ. "ನಾಳೆ ಬಸ್‌ಸ್ಟ್ಯಾಂಡ್ ಹತ್ರ ಚಹಾಕ್ಕ ಬರ್ತೀರಿ?"

"ಬರ್ತೇನ್ರಿ," ಎಂದು ತೆಳ್ಳಗೆ ಉತ್ತರ ಬಂತು.

ಇಸ್ತ್ರಿ ಅಂಗಿ ತೊಟ್ಟು ಕಾದವನ ಮುಂದೆ ಬಂದು ಸ್ಕೂಟರ್ ನಿಲ್ಲಿಸಿದವನು ಅರವತ್ತು ದಾಟಿದ ಜಿನ್ನಪ್ಪ! ಭಜಿ ತಿಂದು, ಚಹಾ ಕುಡಿದು, ಮೀಸೆ ಒರೆಸಿಕೊಂಡು ಹೋದ.

ಸುರಜನ ಜೀವ ಹಿಡಿಯಾಯಿತು. ಅಕ್ಕರೆಯಿಂದ ಬರೆದದ್ದೆಲ್ಲ ಈ ಮುದುಕನಿಗೇ? ಬ್ಯಾನರ್ ಎತ್ತಿಕೊಂಡು ಹೋದರೆ ಮತ್ತೆ ಇತ್ತ ತಲೆ ಹಾಕಬಾರದೆಂದುಕೊಂಡು ಅಂಗಡಿಗೆ ಬಂದ.

ನೀಲಮ ಮುಖ ಎತ್ತಲಿಲ್ಲ. "ಮಾಲಕರನ್ನ ಚಹಾಕ್ಕ ಕರದಿದ್ರಂತ?"

"ನಾ ಕರದದ್ದು ನಿಮ್ಮನ್ನರಿ!"

ಕೀಬೋರ್ಡಿನ ಮೇಲೆ ಅವಳ ಬೆರಳು ನಿಂತುಬಿಟ್ಟವು. ಮೆಲ್ಲಗೆ ಮಾನಿಟರ್ ಅವನತ್ತ ತಿರುಗಿಸಿದಳು. ಅವನ ಮಾತುಗಳೆಲ್ಲ ಅಲ್ಲೂ ಇದ್ದವು.

"ಫೋನ್ ಮಾಲಕರ ಕಿಸೇದಾಗ, ವಾಟ್ಸ್ಆ್ಯಪ್ ವೆಬ್ ನನ್ನ ಮುಂದ. ದಪ್ಪ ಅಕ್ಷರ ಮಾಡೂದು ಅವ್ರಿಗೆ ಬರೂದಿಲ್ರಿ. ನಾ ಊಟ ಮಾಡಿ ಬರೂದ್ರಾಗ ಅವ್ರು ಬರ್ತೇನಿ ಅಂದಿದ್ರು. ಯಾರನ್ನ ಕರದ್ರಿ ಅಂತ ನನಗೂ ತಿಳೀಲಿಲ್ಲ."

"ಹಂಗಾದ್ರ ನನ್ನ ಹೆಸರು ಚೆಂದ ಅಂದವ್ರು…"

"ನಾನ." ಕಿವಿಯ ತನಕ ಕೆಂಪಾದಳು.

"ಈಗ ಮತ್ತ ಮೆಸೇಜ್ ಹಾಕ್ಲೇನ್ರಿ?"

"ಬ್ಯಾಡ್ರಿ ಮಾರಾಯ್ರ. ಬಾಯಿಬಿಟ್ಟು ಕೇಳ್ರಿ."

ಸುರಜ ಫೋನನ್ನು ಕಿಸೆಗೆ ಹಾಕಿದ. "ನೀಲಮಾ… ನೀವು ನನ್ನ ಮನಸಿಗೆ ಬಂದೀರಿ. ಚಹಾಕ್ಕ ಬರ್ತೀರಿ?"

ಅವಳು ಎದ್ದು, ಓಢಣಿ ಸರಿಪಡಿಸಿಕೊಂಡು, ಒಳಕೋಣೆಯತ್ತ ಕೂಗಿದಳು:

"ಮಾಲಕರ, ಅಂಗಡಿ ನೋಡಿಕೊಳ್ರಿ. ನಾ ಸರ್ ಜೋಡಿ ಹೊರಗ ಹೊಂಟೇನಿ!"