ಹಿಸಾಯೆ ಆಂಟಿಯ ಮೆಟ್ಟಿಲು

ಪರದೇಶದ ಈ ಊರು ರ್ಯಾಂಚೊ ಪೆನಾಸ್ಕಿಟೋಸ್‌ನಲ್ಲಿ ನಮ್ಮ ಪಕ್ಕದ ಮನೆಯ ಹಿಸಾಯೆ ಆಂಟಿ ಹಿರೋಶಿಮಾದ ಬಾಂಬ್ ದಾಳಿಯಲ್ಲಿ ಬದುಕುಳಿದವರು. ಮೊದಲ ಸಲ ಬಂದಾಗ ನಮ್ಮ ಉಡುಪಿಯ ರೂಢಿಯಂತೆ ನೀರು, ಬೆಲ್ಲ ಕೊಟ್ಟರೆ ಲೋಟ ಹಿಡಿದು ಅತ್ತೇಬಿಟ್ಟರು. ಬಾಂಬು ಬಿದ್ದ ದಿನ ಸುಟ್ಟ ಮೈಯವರು ಇವರ ಬಾಗಿಲಿಗೆ ಬಂದು ನೀರು ಕೇಳಿದ್ದರಂತೆ. ಕುಡಿದರೆ ಸಾಯುತ್ತಾರೆಂದು ಇವರ ಅಮ್ಮ ಕೊಡಲು ಬಿಡಲಿಲ್ಲವಂತೆ.

ದಿನಾ ಬೆಳಿಗ್ಗೆ ಆಂಟಿ ತಮ್ಮ ಮೆಟ್ಟಿಲಿಗೆ ನೀರು ಸುರಿಯುತ್ತಿದ್ದರು. ಬಿಸಿಲೇ ತಾಗದ ಕಲ್ಲು ಕಾದ ಕಾವಲಿಯಂತೆ ಚುಂಯ್ ಎನ್ನುತ್ತಿತ್ತು. ಕಿವಿಯಾರೆ ಕೇಳಿದವಳು ನಾನು.

ಕಳೆದ ಆಗಸ್ಟ್‌ನಲ್ಲಿ ಆಂಟಿ ತೀರಿಕೊಂಡರು. ಮರುದಿನ ಬೆಳಿಗ್ಗೆ ಹೋಗಿ ಆ ಮೆಟ್ಟಿಲು ಮುಟ್ಟಿದೆ. ತಣ್ಣಗಿತ್ತು. ಸದ್ಯ, ಮುಗಿಯಿತಲ್ಲ ಎಂದುಕೊಳ್ಳುವಷ್ಟರಲ್ಲಿ ನಮ್ಮ ಬಾಗಿಲಲ್ಲಿ ಬರಿಗಾಲಲ್ಲಿ ನಿಂತಿದ್ದ ಗಂಡ ಕೂಗಿದರು: “ಇದೆಂತ ಮಾರಾಯ್ತಿ, ನಮ್ಮ ಮೆಟ್ಟಿಲು ಸುಡ್ತಾ ಉಂಟಲ್ಲ!”

ಚೊಂಬು ತಂದು ಸುರಿದೆ. ಒಂದು ಚೊಂಬು ಸಾಲಲಿಲ್ಲ.